ಕೆಲಸ ಆಯ್ತು ಅಂದ್ರೆ, ಮಾಡಿದ್ದು ಯಾರು?

ಮಾರ್ಚ್ ಮೊದಲ ವಾರದಲ್ಲಿ ನಮ್ಮ ಆಫೀಸಿನ ಕಾಫಿ ಮಷೀನ್ ಹತ್ರ ಹೋಗಿ ನಿಂತ್ರೆ ಪರೀಕ್ಷೆ ಹಾಲಿನ ಹೊರಗೆ ನಿಂತ ಹಾಗಿರುತ್ತೆ. ‘ನಿಂದಾಯ್ತಾ?’ ‘ಇಲ್ಲಪ್ಪ, ಇನ್ನೂ ಓಪನ್ನೇ ಮಾಡಿಲ್ಲ.’ ‘ನಂದೂ ಅಷ್ಟೇ.’ ಎಲ್ಲರೂ ಸುಳ್ಳು ಹೇಳ್ತಿರ್ತಾರೆ. ಎಲ್ಲರೂ ಓಪನ್ ಮಾಡಿರ್ತಾರೆ, ಖಾಲಿ ಡಬ್ಬಿಯೊಳಗೆ ಕರ್ಸರ್ ಮಿಟುಕಿಸೋದನ್ನ ಹತ್ತು ನಿಮಿಷ ನೋಡಿರ್ತಾರೆ, ಮುಚ್ಚಿಟ್ಟು ಕಾಫಿಗೆ ಬಂದಿರ್ತಾರೆ. ಈ ವರ್ಷ ನೀವೇನು ಸಾಧಿಸಿದಿರಿ, 4000 ಅಕ್ಷರ ಮೀರದಂತೆ ಬರೆಯಿರಿ. ಅಷ್ಟೇ ಪ್ರಶ್ನೆ. ಇದಕ್ಕಿಂತ ಎಸ್ಸೆಸ್ಸೆಲ್ಸಿ ಗಣಿತ ವಾಸಿ.

ಹನ್ನೊಂದು ವರ್ಷದಿಂದ ಈ ಸೆಲ್ಫ್ ಅಸೆಸ್‌ಮೆಂಟ್ ಫಾರ್ಮ್ ತುಂಬ್ತಾ ಬಂದಿದೀನಿ. ಕಳೆದ ಐದು ವರ್ಷದಿಂದ ಬೇರೆಯವರು ತುಂಬಿದ್ದನ್ನ ಓದೋ ಕೆಲಸವೂ ಸೇರಿಕೊಂಡಿದೆ. ಮೊದಲನೇ ವರ್ಷ ನಾನು ಬರೆದ ಫಾರ್ಮಿನಲ್ಲಿ ‘ವಿ’ ಹದಿನೇಳು ಸಲ ಇತ್ತು. ‘ಐ’ ಒಂದೂ ಇರಲಿಲ್ಲ. ಎಣಿಸಿದ್ದು ನಾನಲ್ಲ, ನನ್ನ ಆಗಿನ ಮ್ಯಾನೇಜರ್. ಪ್ರಿಂಟ್ ತೆಗೆದು ಒಂದೊಂದು ‘ವಿ’ಗೂ ಪೆನ್ಸಿಲಿನಲ್ಲಿ ಸುತ್ತು ಹಾಕಿ ನನ್ನ ಮುಂದಿಟ್ಟು, ‘ಎಲ್ಲಾ ಚೆನ್ನಾಗಿದೆ. ಇದರಲ್ಲಿ ನೀನೆಲ್ಲಿದೀಯಾ?’ ಅಂತ ಕೇಳಿದ್ರು. ನನಗೆ ನಾಚಿಕೆಯಾಗಿ, ‘ಟೀಮ್ ವರ್ಕ್ ಅಲ್ವಾ ಸರ್’ ಅಂದೆ. ಅವರು ನಕ್ಕು, ‘ಟೀಮಿಗೆ ಹೈಕ್ ಕೊಡೋ ಫಾರ್ಮ್ ಬಂದಾಗ ಇದನ್ನೇ ಹಾಕೋಣ’ ಅಂದ್ರು.

ಆಮೇಲೆ ತುಂಬಾ ದಿನ ಯೋಚನೆ ಮಾಡಿದೀನಿ, ನನಗೆ ಆ ‘ಐ’ ಯಾಕೆ ಬರಲಿಲ್ಲ ಅಂತ. ಇಂಗ್ಲಿಷ್ ತೊಂದರೆ ಅಲ್ಲ. ತೊಂದರೆ ನಮ್ಮ ಕನ್ನಡದಲ್ಲೇ ಇದೆಯೇನೋ! ನಮ್ಮ ಮನೇಲಿ ಯಾರೂ ‘ನಾನು ಮಾಡಿದೆ’ ಅನ್ನಲ್ಲ. ‘ಅಡುಗೆ ಆಯ್ತು’, ‘ಪೂಜೆ ಆಯ್ತು’, ‘ಕೆಲಸ ಆಯ್ತು’. ಅಮ್ಮ ಬೆಳಿಗ್ಗೆ ಐದಕ್ಕೆದ್ದು ಎಂಟು ಜನಕ್ಕೆ ರೊಟ್ಟಿ ತಟ್ಟಿ, ಚಟ್ನಿ ರುಬ್ಬಿ, ಕೊನೆಗೆ ಹೇಳೋದು ‘ತಿಂಡಿ ಆಯ್ತು, ಬನ್ನಿ’. ತಿಂಡಿ ತನ್ನಷ್ಟಕ್ಕೆ ತಾನೇ ಆದ ಹಾಗೆ. ಇದೇ ವ್ಯಾಕರಣ ತಪ್ಪಿಗೂ ಉಪಯೋಗಕ್ಕೆ ಬರುತ್ತೆ ಅನ್ನೋದು ಬೇರೆ ಮಾತು. ಚಿಕ್ಕವಳಿದ್ದಾಗ ಲೋಟ ಕೈ ಜಾರಿದ್ರೆ ನಾನು ಯಾವತ್ತೂ ‘ಒಡೆದೆ’ ಅಂದಿಲ್ಲ. ‘ಒಡೀತು’ ಅಷ್ಟೇ.

ಅದರ ಜೊತೆಗೆ ಸಂಸ್ಕಾರ ಬೇರೆ. ಸ್ಕೂಲಿನ ಗೋಡೆ ಮೇಲೆ ಬಸವಣ್ಣನವರ ವಚನ ಇತ್ತು, ತನ್ನನ್ನ ತಾನು ಹೊಗಳಿಕೊಳ್ಳಬೇಡ ಅನ್ನೋ ಮಾತು ಅದರಲ್ಲಿತ್ತು. ಅದರ ಕೆಳಗೇ ಐದು ವರ್ಷ ಪ್ರಾರ್ಥನೆಗೆ ನಿಂತಿದೀನಿ. ಮನೇಲಿ ಅಜ್ಜಿಯ ಮಹಾಭಾರತ. ಕರ್ಣಪರ್ವದ ಒಂದು ಕತೆ ಅಜ್ಜಿಗೆ ತುಂಬಾ ಇಷ್ಟ. ಕರ್ಣನ ಕೈಲಿ ಏಟು ತಿಂದು ಶಿಬಿರಕ್ಕೆ ಬಂದ ಧರ್ಮರಾಯ ಸಿಟ್ಟಿನಲ್ಲಿ ಅರ್ಜುನನಿಗೆ, ‘ನಿನ್ನ ಕೈಲಾಗದಿದ್ದರೆ ಗಾಂಡೀವ ಬೇರೆಯವರಿಗೆ ಕೊಡು’ ಅಂದುಬಿಡ್ತಾನೆ. ಹಾಗಂದವರನ್ನ ಕೊಲ್ಲುತ್ತೇನೆ ಅಂತ ಅರ್ಜುನನ ಪ್ರತಿಜ್ಞೆ ಇರುತ್ತೆ. ಕತ್ತಿ ಹಿರೀತಾನೆ. ಕೃಷ್ಣ ತಡೆದು ಹೇಳ್ತಾನೆ, ಹಿರಿಯರನ್ನ ಏಕವಚನದಲ್ಲಿ ಬೈದರೆ ಕೊಂದ ಹಾಗೇ, ಹಾಗೆ ಮಾಡು ಅಂತ. ಅರ್ಜುನ ಬೈತಾನೆ. ಬೈದ ಮೇಲೆ ಅಣ್ಣನನ್ನ ಹೀಗಂದೆನಲ್ಲ ಅಂತ ಸಂಕಟವಾಗಿ ತನ್ನನ್ನೇ ಕೊಂದುಕೊಳ್ಳೋಕೆ ಮತ್ತೆ ಕತ್ತಿ ಹಿರೀತಾನೆ. ಆಗ ಕೃಷ್ಣ ಅಂತಾನೆ, ನಿನ್ನನ್ನ ನೀನೇ ಹೊಗಳಿಕೋ, ಅದು ಆತ್ಮಹತ್ಯೆಗೆ ಸಮ. ಅರ್ಜುನ ಶುರು ಮಾಡ್ತಾನೆ, ಶಿವನನ್ನ ಬಿಟ್ಟರೆ ನನ್ನಂಥ ಬಿಲ್ಲುಗಾರ ಇಲ್ಲ, ದಿಕ್ಕುಗಳನ್ನೆಲ್ಲ ಗೆದ್ದವನು ನಾನು...

ಈಗ ಯೋಚಿಸಿದ್ರೆ ಅದು ಪಕ್ಕಾ ಸೆಲ್ಫ್ ಅಪ್ರೈಸಲ್. ಪಾಯಿಂಟ್ ಪಾಯಿಂಟ್ ಆಗಿ ಹೇಳ್ತಾನೆ. ಆದರೆ ಅಜ್ಜಿ ಕತೆ ಮುಗಿಸಿ ನನ್ನ ತಲೆ ಸವರಿದ್ದು ಅದನ್ನ ಕಲಿಸೋಕಲ್ಲ. ಇಂಥ ಕತೆ ಕೇಳಿ ಬೆಳೆದವಳಿಗೆ ಫಾರ್ಮ್ ಮುಂದೆ ಕೂತಾಗ ಕೈ ನಡುಗಿದರೆ ಆಶ್ಚರ್ಯ ಏನು?

ಇದೆಲ್ಲ ನನ್ನೊಬ್ಬಳ ಸಂಕೋಚದ ಕತೆಯಾಗಿದ್ರೆ ಇಲ್ಲಿಗೆ ನಕ್ಕು ಮುಗಿಸಬಹುದಿತ್ತು. ಹೆಚ್ಚೆಂದರೆ ನನಗೊಂದೆರಡು ಪರ್ಸೆಂಟ್ ನಷ್ಟ. ಆದರೆ ಮೂರು ವರ್ಷದ ಹಿಂದೆ ಈ ಸಂಕೋಚದಿಂದ ಇನ್ನೊಬ್ಬನಿಗೆ ನಷ್ಟವಾಯ್ತು. ನೋಡಿ, ಮತ್ತೆ ‘ಆಯ್ತು’ ಅಂತಲೇ ಬರೆದೆ. ನಷ್ಟ ಮಾಡಿದ್ದು ನಾನು.

ನನ್ನ ಟೀಮಿನಲ್ಲಿ ಕೊಪ್ಪಳ ಕಡೆಯ ಒಬ್ಬ ಹುಡುಗ ಇದ್ದ. ಹೆಸರು ಬೇಡ. ಎಲ್ಲರನ್ನೂ ಹೆಸರು ಹಿಡಿದು ಕರೆಯೋ ಆಫೀಸಿನಲ್ಲಿ ನನ್ನನ್ನ ಮಾತ್ರ ‘ಮೇಡಂ’ ಅಂತಲೇ ಕರೀತಿದ್ದ. ‘ಬೇಡಪ್ಪಾ, ವಯಸ್ಸಾದ ಹಾಗನ್ಸುತ್ತೆ’ ಅಂದ್ರೆ ‘ಆತು ಮೇಡಂ’ ಅಂತಿದ್ದ. ಮೀಟಿಂಗಿನಲ್ಲಿ ಮಾತು ಕಡಿಮೆ. ಕೋಡ್ ಮಾತ್ರ ಅಚ್ಚುಕಟ್ಟು.

ನಮ್ಮಲ್ಲಿ ರಾತ್ರಿ ಒಂದು ಗಂಟೆಗೆ ಒಂದು ಬ್ಯಾಚ್ ಜಾಬ್ ಓಡುತ್ತೆ. ದಿನದ ಪೇಮೆಂಟುಗಳೆಲ್ಲ ಎರಡು ಕಡೆಯ ಲೆಕ್ಕಕ್ಕೂ ತಾಳೆ ಆಗುತ್ತಾ ಅಂತ ನೋಡೋ ಕೆಲಸ ಅದರದ್ದು. ಆರು ಗಂಟೆ ಹಿಡೀತಿತ್ತು. ತಿಂಗಳ ಕೊನೇಲಿ ಬೆಳಿಗ್ಗೆ ಒಂಬತ್ತಾದ್ರೂ ಮುಗೀತಿರಲಿಲ್ಲ, ಆ ಕಡೆ ಕಸ್ಟಮರ್ ಸಪೋರ್ಟಿನವರು ಗಲಾಟೆ ಮಾಡ್ತಿದ್ರು. ಅದು ಹಾಗೇ ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ವಿ. ಈ ಹುಡುಗ ಒಂದು ವಾರ ಸುಮ್ಮನೆ ಅದರ ಮುಂದೆ ಕೂತ. ಒಂದು ದೊಡ್ಡ ಟೇಬಲ್ಲಿಗೆ ಸರಿಯಾದ ಇಂಡೆಕ್ಸ್ ಇಲ್ಲದೆ, ಪ್ರತಿ ಸಲವೂ ಮೊದಲ ಸಾಲಿನಿಂದ ಕೊನೆ ಸಾಲಿನವರೆಗೆ ಹುಡುಕ್ತಾ ಇತ್ತು. ಜೊತೆಗೆ ಒಂದೇ ಫೈಲನ್ನ ಎರಡು ಸಲ ಓದ್ತಿತ್ತು. ಎರಡನ್ನೂ ಸರಿ ಮಾಡಿದ. ಆರು ಗಂಟೆಯ ಕೆಲಸ ಐವತ್ತು ನಿಮಿಷಕ್ಕೆ ಇಳೀತು. ಸ್ಟ್ಯಾಂಡಪ್ಪಿನಲ್ಲಿ ‘ಆ ಬ್ಯಾಚ್ ಸ್ವಲ್ಪ ಫಾಸ್ಟ್ ಆಗೇತಿ’ ಅಂದ. ನಾವು ‘ಓ, ಗುಡ್’ ಅಂದು ಮುಂದಿನವರ ಕಡೆ ತಿರುಗಿದ್ವಿ.

ಇನ್ನೊಂದು. ಆ ವರ್ಷ ಆಯುಧಪೂಜೆಯ ರಜೆಯ ಮಧ್ಯದಲ್ಲಿ ಒಂದು ಸರ್ವರ್‌ನ ಸೆಕ್ಯುರಿಟಿ ಸರ್ಟಿಫಿಕೇಟ್ ಅವಧಿ ಮುಗೀತಿತ್ತು. ಜ್ಞಾಪಿಸೋ ಮೇಲ್ ಬರೋದು ಕೆಲಸ ಬಿಟ್ಟು ಹೋದ ಒಬ್ಬರ ವಿಳಾಸಕ್ಕೆ. ಇವನು ಇನ್ನೇನೋ ಹುಡುಕ್ತಾ ಅದನ್ನ ನೋಡಿ, ಹನ್ನೊಂದು ದಿನ ಮುಂಚೆ ಹೊಸದು ಹಾಕಿಸಿದ. ರಜೆಯಲ್ಲಿ ನಾವೆಲ್ಲ ಊರಿಗೆ ಹೋಗಿ ಗಾಡಿಗೆ ಕುಂಬಳಕಾಯಿ ಒಡೆದು ಬಂದ್ವಿ. ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅನ್ನೋದೇ ಅವನ ಕೆಲಸ. ಅದಕ್ಕೆ ಯಾರು ಚಪ್ಪಾಳೆ ಹೊಡೀತಾರೆ? ಅದೇ ಸರ್ಟಿಫಿಕೇಟ್ ಹೋಗಿ ಎಲ್ಲ ನಿಂತು, ಭಾನುವಾರ ರಾತ್ರಿ ಎದ್ದು ಸರಿ ಮಾಡಿದವನಿಗಾದ್ರೆ ಇಡೀ ಆಫೀಸಿಗೆ ಥ್ಯಾಂಕ್ಯೂ ಮೇಲ್ ಹೋಗಿರ್ತಿತ್ತು.

ಆ ಮಾರ್ಚಿನಲ್ಲಿ ಅವನು ತುಂಬಿದ ಫಾರ್ಮಿನಲ್ಲಿ ಎರಡೇ ಸಾಲು. ಒಪ್ಪಿಸಿದ ಕೆಲಸಗಳನ್ನ ಸಮಯಕ್ಕೆ ಸರಿಯಾಗಿ ಮುಗಿಸಲಾಗಿದೆ. ಹೊಸ ವಿಷಯಗಳನ್ನು ಕಲಿಯಲಾಗಿದೆ.

ಕರೆದು ಕೂರಿಸಿ, ‘ಏನಪ್ಪಾ ಇದು?’ ಅಂದೆ.

‘ಮಾಡಿದ್ದು ನಿಮಗ ಗೊತ್ತೈತಲ್ರಿ ಮೇಡಂ, ಮತ್ತ್ಯಾಕ ಬರೀಬೇಕು?’

ಹೌದಲ್ಲ, ನನಗೆ ಗೊತ್ತಲ್ಲ ಅಂತ ನನಗೂ ಅನ್ನಿಸಿಬಿಡ್ತು. ನಾನಿದೀನಲ್ಲ, ಹೇಳ್ತೀನಿ. ‘ಸರಿ ಬಿಡು’ ಅಂದೆ. ಅದು ನನ್ನ ಮೊದಲ ತಪ್ಪು.

ಈ ಫಾರ್ಮ್ ತುಂಬಿ ಸಬ್‌ಮಿಟ್ ಒತ್ತಿದ ಮೇಲೆ ಅದು ಎಲ್ಲಿಗೆ ಹೋಗುತ್ತೆ ಅಂತ ತುಂಬಾ ಜನಕ್ಕೆ ಗೊತ್ತಿರಲ್ಲ. ನನಗೂ ಮೊದಲ ಆರು ವರ್ಷ ಗೊತ್ತಿರಲಿಲ್ಲ. ನಿಮ್ಮ ಮ್ಯಾನೇಜರ್ ಓದಿ ರೇಟಿಂಗ್ ಕೊಟ್ಟುಬಿಡ್ತಾರೆ ಅನ್ಕೊಂಡಿರ್ತೀರಿ. ಅವರು ಕೊಡೋದು ಬರೀ ಪ್ರಸ್ತಾಪ. ಆಮೇಲೆ ಕ್ಯಾಲಿಬ್ರೇಷನ್ ಅಂತ ಒಂದು ಮೀಟಿಂಗ್. ಆ ವರ್ಷ ಒಂದು ರೂಮಿನಲ್ಲಿ ಒಂಬತ್ತು ಜನ ಮ್ಯಾನೇಜರುಗಳು, ಎಚ್.ಆರ್.ನಿಂದ ಒಬ್ಬರು, ಗೋಡೆ ಮೇಲೆ ಎಕ್ಸೆಲ್ ಶೀಟ್. ನಲವತ್ತಮೂರು ಹೆಸರು, ಎರಡೂವರೆ ಗಂಟೆ ಸಮಯ. ಭಾಗಿಸಿ ನೋಡಿ, ಒಬ್ಬೊಬ್ಬರ ಒಂದು ವರ್ಷದ ಬದುಕಿಗೆ ಮೂರೂವರೆ ನಿಮಿಷ. ಮೇಲಿನ ರೇಟಿಂಗಿಗೆ ಇಂತಿಷ್ಟೇ ಜಾಗ. ನಿಮ್ಮವರೊಬ್ಬರು ಹತ್ತಬೇಕಾದ್ರೆ ಇನ್ಯಾರದೋ ಹುಡುಗ ಇಳೀಬೇಕು.

ಇದಕ್ಕೆ ದೊಡ್ಡ ಇತಿಹಾಸ ಇದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಜಾಕ್ ವೆಲ್ಚ್ ಮುಖ್ಯಸ್ಥರಾಗಿದ್ದಾಗ ಕೆಲಸಗಾರರನ್ನ ಮೇಲಿನ 20, ಮಧ್ಯದ 70, ಕೆಳಗಿನ 10 ಪರ್ಸೆಂಟ್ ಅಂತ ವಿಂಗಡಿಸೋ ಪದ್ಧತಿ ಹೆಸರು ಮಾಡ್ತು. ಕೆಳಗಿನ ಹತ್ತಕ್ಕೆ ಬಾಗಿಲು. ಆಮೇಲೆ ಎಲ್ಲರೂ ಅದನ್ನೇ ಹಿಡಿದ್ರು. ಇದರಿಂದ ಜೊತೆಯವರೇ ಒಬ್ಬರನ್ನೊಬ್ಬರು ಶತ್ರುಗಳ ಥರ ನೋಡ್ತಾರೆ ಅನ್ನೋ ಟೀಕೆ ಜೋರಾಗಿ ಮೈಕ್ರೋಸಾಫ್ಟ್ 2013ರಲ್ಲಿ ಇದನ್ನ ಕೈಬಿಡ್ತು. ನಮ್ಮಲ್ಲಿ ‘ಬೆಲ್ ಕರ್ವ್ ಇಲ್ಲ, ಗೈಡ್‌ಲೈನ್ ಮಾತ್ರ’ ಅಂತಾರೆ. ಗಂಟೆ ಕಾಣಿಸಲ್ಲ, ಸದ್ದು ಮಾತ್ರ ಕೇಳಿಸುತ್ತೆ.

ಸರಿ, ಇವನ ಸರದಿ ಬಂತು. ನಾನು ಮೇಲಿನ ರೇಟಿಂಗ್ ಪ್ರಸ್ತಾಪ ಮಾಡಿದ್ದೆ. ಎದುರಿಗಿದ್ದ ಒಬ್ಬ ಮ್ಯಾನೇಜರ್ ಕೇಳಿದ್ರು, ‘ಏನ್ ಮಾಡಿದಾನೆ?’ ಕೊಂಕೇನೂ ಇರಲಿಲ್ಲ ಅದರಲ್ಲಿ, ನಿಜವಾಗಲೂ ಕೇಳಿದ್ದು. ನಾನು ಬಾಯಿ ಬಿಟ್ಟೆ. ‘ತುಂಬಾ ಸಿನ್ಸಿಯರ್. ಹಾರ್ಡ್ ವರ್ಕಿಂಗ್. ನಂಬಬಹುದು. ಯಾವ ಕೆಲಸ ಕೊಟ್ರೂ ಮಾಡ್ತಾನೆ.’ ಆ ರೂಮಿನಲ್ಲಿ ಇಂಥ ವಿಶೇಷಣಗಳಿಗೆ ಕಾಸಿನ ಬೆಲೆ ಇಲ್ಲ, ಯಾಕಂದ್ರೆ ನಲವತ್ತಮೂರು ಜನರ ಬಗ್ಗೆಯೂ ಅದನ್ನೇ ಹೇಳಿಯಾಗಿರುತ್ತೆ. ‘ಒಂದು ಎಗ್ಸಾಂಪಲ್ ಕೊಡಿ’ ಅಂದ್ರು. ‘ಆ ಬ್ಯಾಚ್ ಜಾಬ್ ಇಂಪ್ರೂವ್ ಮಾಡ್ದ’ ಅಂದೆ. ‘ಎಷ್ಟು?’ ನನಗೆ ನೆನಪಾಗಲಿಲ್ಲ. ಎಷ್ಟಿತ್ತು, ಎಷ್ಟಾಯ್ತು, ಯಾವ ತಿಂಗಳು, ಯಾವುದೂ ನಾಲಿಗೆಗೆ ಬರಲಿಲ್ಲ. ಸರ್ಟಿಫಿಕೇಟ್ ವಿಷಯವಂತೂ ತಲೆಗೇ ಬರಲಿಲ್ಲ. ಎದುರಿಗಿದ್ದ ಫಾರ್ಮಿನಲ್ಲಿ ಎರಡು ಸಾಲು. ಪಕ್ಕದ ಟೀಮಿನ ಹುಡುಗಿಯ ಫಾರ್ಮಿನಲ್ಲಿ ಏಳು ಪಾಯಿಂಟು, ಏಳಕ್ಕೂ ತಾರೀಕು, ಅಂಕಿ. ಅವಳೇನೂ ಸುಳ್ಳು ಬರೆದಿರಲಿಲ್ಲ. ಮಾಡಿದ್ದನ್ನೇ ಬರೆದಿದ್ಲು. ಅವಳು ಹತ್ತಿದಳು, ಇವನು ಇಳಿದ. ಮೂರೂವರೆ ನಿಮಿಷ ಕೂಡ ಆಗಲಿಲ್ಲ.

ರೇಟಿಂಗ್ ಹೇಳೋಕೆ ಅವನನ್ನ ಕರೆದಾಗ ಎರಡು ಪುಟ ಪೀಠಿಕೆ ರೆಡಿ ಮಾಡ್ಕೊಂಡಿದ್ದೆ. ‘ಈ ಸಲ ಕಾಂಪಿಟಿಷನ್ ಜಾಸ್ತಿ ಇತ್ತು’ ಅಂತ ಶುರು ಮಾಡೋ ಹೊತ್ತಿಗೇ, ‘ಇರ್ಲಿ ಬಿಡ್ರಿ ಮೇಡಂ’ ಅಂದ. ಊರಲ್ಲಿ ಮನೆ ಮೇಲೆ ಎರಡು ರೂಮು ಕಟ್ಟಿಸೋಕೆ ಶುರು ಮಾಡಿದ್ದ ಅಂತ ಗೊತ್ತಿತ್ತು. ಎಷ್ಟು ಕಡಿಮೆ ಬೀಳುತ್ತೆ ಅಂತ ಕೇಳೋ ಧೈರ್ಯ ನನಗಾಗಲಿಲ್ಲ. ನಾಲ್ಕು ತಿಂಗಳಿಗೆ ಪೇಪರ್ ಹಾಕಿದ. ಕಾರಣ ಅಂತ ಬರೆದದ್ದು ‘ಪರ್ಸನಲ್’.

ಹೋಗೋ ಮುಂಚೆ ತನ್ನ ಕೆಲಸ ವಹಿಸಿಕೊಡೋ ಡಾಕ್ಯುಮೆಂಟ್ ಬರೆದುಕೊಟ್ಟ. ಮೂವತ್ತೊಂದು ಪುಟ. ರಾತ್ರಿ ಮನೇಲಿ ಕೂತು ಓದಿದೆ. ಬ್ಯಾಚ್ ಜಾಬ್ ಮೊದಲು ಎಷ್ಟು ಹೊತ್ತು ಹಿಡೀತಿತ್ತು, ಯಾವ ತಾರೀಕು ಏನು ಬದಲಾಯಿಸಿದೆ, ಯಾಕೆ ಬದಲಾಯಿಸಿದೆ, ಈಗ ಎಷ್ಟು ಹಿಡೀತದೆ, ಮುಂದೆ ಟೇಬಲ್ ದೊಡ್ಡದಾದ್ರೆ ಏನು ನೋಡ್ಕೋಬೇಕು. ಯಾವ ಸರ್ಟಿಫಿಕೇಟ್ ಯಾವಾಗ ಮುಗಿಯುತ್ತೆ, ಕಳೆದ ಸಲ ಯಾಕೆ ಯಾರಿಗೂ ಗೊತ್ತಾಗಲಿಲ್ಲ. ತಾನು ಮಾಡಿದ ಎರಡು ತಪ್ಪು, ಅದರಿಂದ ಏನಾಯ್ತು, ಹೇಗೆ ಸರಿಪಡಿಸಿದೆ. ಒಂದು ಹೊಗಳಿಕೆಯ ಮಾತಿಲ್ಲ, ಒಂದು ಸಂಕೋಚದ ಮಾತೂ ಇಲ್ಲ. ನನ್ನ ಹನ್ನೊಂದು ವರ್ಷದಲ್ಲಿ ನಾನು ಓದಿದ ಅತ್ಯುತ್ತಮ ಸೆಲ್ಫ್ ಅಸೆಸ್‌ಮೆಂಟ್ ಅದು, ನಾಲ್ಕು ತಿಂಗಳು ತಡವಾಗಿ ಬಂದದ್ದು.

ನನ್ನ ಬಗ್ಗೆ ಬರಿ ಅಂದ್ರೆ ಎರಡು ಸಾಲು ಬರೆದವನು, ಮುಂದೆ ಬರೋನಿಗೆ ತೊಂದರೆ ಆಗಬಾರದು ಅಂದಾಗ ಮೂವತ್ತೊಂದು ಪುಟ ಬರೆದಿದ್ದ.

ಆ ಪುಟಗಳನ್ನ ಓದ್ತಾ ಇದ್ದಾಗ ಎಲ್ಲೋ ನೋಡಿದೀನಿ ಇದನ್ನ ಅನ್ನಿಸ್ತಿತ್ತು. ನಮ್ಮಪ್ಪ ತಿಪಟೂರು ಕಡೆ ಒಂದು ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ರು. ರಾತ್ರಿ ಪಾಳಿಗೆ ಊಟದ ಕ್ಯಾರಿಯರ್ ಕೊಡೋಕೆ ಅಣ್ಣನ ಜೊತೆ ಸೈಕಲ್ಲಿನಲ್ಲಿ ಹೋಗ್ತಿದ್ದೆ. ಟ್ರಾನ್ಸ್‌ಫಾರ್ಮರುಗಳ ಗುಂಯ್ ಅನ್ನೋ ಸದ್ದು, ಟೇಬಲ್ ಮೇಲೆ ಉದ್ದನೆಯ ಲಾಗ್ ಬುಕ್. ಗಂಟೆಗೊಂದು ಸಲ ಎದ್ದು ಮೀಟರ್ ನೋಡಿ ಬಂದು ಅದರಲ್ಲಿ ಬರೀತಿದ್ರು. ಏನಾದ್ರೂ ಆದ್ರೆ ಬೇರೆ ಪುಸ್ತಕ. ಅಪ್ಪನ ಗುಂಡು ಅಕ್ಷರ ಈಗಲೂ ಕಣ್ಣ ಮುಂದಿದೆ. 2-10, ಮೂರನೇ ಫೀಡರ್ ಟ್ರಿಪ್, ಅರ್ಥ್ ಫಾಲ್ಟ್. 2-15, ಚಾರ್ಜ್ ಮಾಡಿ ನೋಡಲಾಯಿತು, ನಿಲ್ಲಲಿಲ್ಲ. 2-20, ಲೈನ್‌ಮನ್‌ಗೆ ತಿಳಿಸಲಾಯಿತು. 3-40, ಎಲ್.ಸಿ. ಕೊಡಲಾಯಿತು. 4-55, ತೆಂಗಿನ ಗರಿ ತೆಗೆದಿದ್ದಾರೆ, ಎಲ್.ಸಿ. ವಾಪಸ್. 5-00, ಚಾರ್ಜ್, ನಿಂತಿದೆ. ಕೆಳಗೆ ಸಹಿ.

ಎಲ್.ಸಿ. ಅಂದ್ರೆ ಲೈನ್ ಕ್ಲಿಯರ್. ಈ ಲೈನಿನಲ್ಲಿ ಕರೆಂಟಿಲ್ಲ, ಕಂಬ ಹತ್ತಬಹುದು ಅನ್ನೋ ಮಾತು. ಅದನ್ನ ಪುಸ್ತಕದಲ್ಲಿ ಬರೆಯದೆ ಅಪ್ಪ ಪಾಳಿ ಬಿಟ್ಟು ಬಂದಿದ್ರೆ, ಬೆಳಿಗ್ಗೆ ಬಂದ ಆಪರೇಟರ್ ಗೊತ್ತಿಲ್ಲದೆ ಲೈನ್ ಚಾರ್ಜ್ ಮಾಡಿದ್ರೆ, ಕಂಬದ ಮೇಲಿರೋನು ಹೋದ. ಅಲ್ಲಿ ‘ನಾನೇನು ಬರೆಯೋದು, ಎಲ್ಲರಿಗೂ ಗೊತ್ತಲ್ಲ’ ಅನ್ನೋ ವಿನಯಕ್ಕೆ ಜಾಗವೇ ಇರಲಿಲ್ಲ.

ಅವತ್ತು ರಾತ್ರಿ ಹತ್ತೂವರೆಗೆ ಅಪ್ಪನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅಪ್ಪನಿಗೆ ನಮ್ಮ ಫಾರ್ಮಿನ ಪದ್ಧತಿ ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡೀತು. ‘ಅಂದ್ರೆ ನಿಮ್ ಬಗ್ಗೆ ನೀವೇ ಬರ್ಕೊಳ್ಳೋಕೆ ಬಿಡ್ತಾರೇನಮ್ಮಾ?’

‘ಬಿಡ್ತಾರೆ ಅಂತಲ್ಲಪ್ಪಾ, ಬರೀಲೇಬೇಕು.’

‘ಪುಣ್ಯವಂತರು ಕಣಮ್ಮಾ ನೀವು. ನಮ್ದು ಸಿ.ಆರ್. ಅಂತ ಸಾಹೇಬ್ರು ಬರೀತಿದ್ರು. ಕಾನ್ಫಿಡೆನ್ಷಿಯಲ್. ಏನ್ ಬರೆದಿದಾರೆ ಅಂತ ನಾನು ಸರ್ವಿಸ್ ಪೂರ್ತಿ ನೋಡ್ಲೇ ಇಲ್ಲ.’

ಸರ್ಕಾರಿ ನೌಕರರ ವಾರ್ಷಿಕ ವರದಿಯಲ್ಲಿ ಬರೆದ ಪ್ರತಿಯೊಂದು ಷರಾವನ್ನೂ, ಒಳ್ಳೇದಿರಲಿ ಕೆಟ್ಟದ್ದಿರಲಿ, ಅವರಿಗೆ ತಿಳಿಸಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2008ರಲ್ಲಿ, ದೇವ್ ದತ್ ಪ್ರಕರಣದಲ್ಲಿ. ಆ ಹೊತ್ತಿಗೆ ಅಪ್ಪ ರಿಟೈರಾಗಿ ಎರಡು ವರ್ಷ ಆಗಿತ್ತು. ‘ಚೆನ್ನಾಗೇ ಬರೆದಿರ್ತಾರೆ ಬಿಡು’ ಅಂದ್ರು. ಆ ‘ಬಿಡು’ವಿನಲ್ಲಿ ಕೊಪ್ಪಳದ ಹುಡುಗನ ‘ಇರ್ಲಿ ಬಿಡ್ರಿ’ಯೇ ಕೇಳಿಸಿತು ನನಗೆ.

ಅಲ್ಲಿಂದ ಮುಂದೆ ನಾನೊಂದು ಅಭ್ಯಾಸ ಇಟ್ಟುಕೊಂಡೆ. ಶುಕ್ರವಾರ ಸಂಜೆ ನಾಲ್ಕೂವರೆಗೆ ಕ್ಯಾಲೆಂಡರಿನಲ್ಲಿ ಕಾಲು ಗಂಟೆ ಹಿಡಿದಿಟ್ಟಿದೀನಿ. ಆಫೀಸ್ ಲ್ಯಾಪ್‌ಟಾಪಿನಲ್ಲಿ ‘ಲಾಗ್’ ಅನ್ನೋ ಫೈಲ್ ತೆಗೆದು ನಾಲ್ಕೈದು ಸಾಲು. (ವಾಟ್ಸಾಪಿನಲ್ಲಿ ತನಗೆ ತಾನೇ ಕಳಿಸಿಕೊಳ್ಳೋ ಚಾಳಿ ನನಗಿತ್ತು. ಕಂಪನಿ ವಿಷಯಗಳನ್ನ ಸ್ವಂತ ಫೋನಿಗೆ ಹಾಕ್ಕೋಬೇಡಿ, ಆಮೇಲೆ ಫಜೀತಿ.) ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಬೆಳಿಗ್ಗೆ ಪಾಳಿಗೆ ಬರೋ ಒಬ್ಬ ಅಪರಿಚಿತ ಆಪರೇಟರಿಗೆ ಬರೀತಿದೀನಿ ಅನ್ಕೊಂಡು ಬರೀತೀನಿ. ಮೊದಲು ಹೇಗಿತ್ತು, ನಾನೇನು ಮಾಡಿದೆ, ಈಗ ಹೇಗಿದೆ. ಅಷ್ಟು ಬರೆದರೆ ಮಾರ್ಚಿನಲ್ಲಿ ತಲೆ ಕೆರೆದುಕೊಳ್ಳೋದು ತಪ್ಪುತ್ತೆ. ಇಲ್ಲದಿದ್ರೆ ನಮಗೂ ನೆನಪಿರೋದು ಕೊನೆಯ ಎರಡು ತಿಂಗಳದ್ದು ಮಾತ್ರ, ಮ್ಯಾನೇಜರಿಗೂ ಅಷ್ಟೇ. ಏಪ್ರಿಲಿನಲ್ಲಿ ಗುಡ್ಡ ಕಡಿದಿದ್ರೂ ಮಾರ್ಚಿಗೆ ಮರೆತುಹೋಗಿರುತ್ತೆ.

ಅಂಕಿ ಎಲ್ಲ ಕೆಲಸಕ್ಕೂ ಸಿಗಲ್ಲ. ಆಗಲೂ ಏನಾದ್ರೂ ಗುರುತು ಇರುತ್ತೆ. ಮೊದಲು ಹೊಸಬರು ಬಂದ್ರೆ ಮೂರು ವಾರ ನನ್ನ ಪಕ್ಕ ಕೂತು ಕೇಳ್ತಿದ್ರು, ಈಗ ನಾನು ಬರೆದ ಪುಟ ಓದಿ ಮೊದಲ ವಾರದಲ್ಲೇ ಕೆಲಸಕ್ಕೆ ಇಳೀತಾರೆ, ಹೀಗೆ. ಆಗದೇ ಹೋದದ್ದಕ್ಕೆ ಬೇರೆಯೇ ಒಂದು ಭಾಗ ಇಟ್ಟಿದೀನಿ, ಆ ಹುಡುಗನ ಸರ್ಟಿಫಿಕೇಟಿನ ನೆನಪಿಗೆ. ಏನಾಗಬಹುದಿತ್ತು, ಯಾವತ್ತು ನೋಡಿದೆ, ಏನು ಮಾಡಿದೆ.

‘ನಾವು’ ಅನ್ನೋದನ್ನ ಪೂರ್ತಿ ಬಿಟ್ಟಿಲ್ಲ. ನಾಲ್ಕು ಜನ ಮಾಡಿದ್ದನ್ನ ‘ನಾನು’ ಅಂತ ಬರೆಯೋರನ್ನೂ ನೋಡಿದೀನಿ. ಕ್ಯಾಲಿಬ್ರೇಷನ್ ರೂಮಿನಲ್ಲಿ ಉಳಿದ ಮೂವರ ಮ್ಯಾನೇಜರುಗಳೂ ಕೂತಿರ್ತಾರೆ ಅನ್ನೋದು ಪಾಪ ಅವರಿಗೆ ಗೊತ್ತಿರಲ್ಲ. ‘ನಾವು ನಾಲ್ವರು ಮಾಡಿದ್ವಿ, ಅದರಲ್ಲಿ ಈ ಭಾಗ ನನ್ನದು’ ಅಂತ ಬರೆದರೆ ಸಾಕು. ಕಳೆದ ವರ್ಷ ನನ್ನ ಫಾರ್ಮಿನಲ್ಲಿ ಒಂದು ತಪ್ಪನ್ನೂ ಬರೆದೆ. ಒಂದು ರಿಲೀಸಿಗೆ ತಪ್ಪು ಸೆಟ್ಟಿಂಗ್ ಇದ್ದದ್ದನ್ನ ನೋಡದೆ ನಾನೇ ಒಪ್ಪಿಗೆ ಕೊಟ್ಟಿದ್ದೆ. ಎರಡು ಗಂಟೆ ಪೇಮೆಂಟ್ ನಿಂತಿತ್ತು. ‘ಒಪ್ಪಿಗೆ ಕೊಟ್ಟದ್ದು ನಾನು’ ಅಂತ ಬರೆಯೋವಾಗ ಹೊಟ್ಟೆಯಲ್ಲಿ ಒಂಥರಾ ಆಯ್ತು. ಆದ್ರೆ ಎಲ್ಲರಿಗೂ ಗೊತ್ತಿದ್ದ ವಿಷಯ, ಬಿಟ್ಟಿದ್ರೆ ಉಳಿದ ಸಾಲುಗಳನ್ನ ಯಾರು ನಂಬ್ತಿದ್ರು? ಆಮೇಲೆ ಯಾವ ಚೆಕ್ ಸೇರಿಸಿದೆ ಅನ್ನೋದನ್ನೂ ಬರೆದೆ.

ಈಗೀಗ ಇನ್ನೊಂದು ತಮಾಷೆ. ಎಲ್ಲರೂ ಚಾಟ್‌ಬಾಟ್ ಹತ್ರ ಫಾರ್ಮ್ ಬರೆಸ್ತಾರೆ. ನನ್ನ ಟೀಮಿನ ಐವರಲ್ಲಿ ನಾಲ್ವರು ಈ ಸಲ ‘ಸ್ಪಿಯರ್‌ಹೆಡ್’ ಮಾಡಿದಾರೆ. ಭರ್ಜಿ ಹಿಡಿದವರೇ ಎಲ್ಲ! ಮಾಡಿದ್ದೇನು ಅಂತ ಎರಡು ಸಲ ಓದಿದ್ರೂ ಗೊತ್ತಾಗಲ್ಲ. ವ್ಯಾಕರಣ ತಿದ್ದೋಕೆ ಬೇಕಾದ್ರೆ ಬಳಸಲಿ, ಬೇಡ ಅನ್ನಲ್ಲ. ಆದರೆ ಮಂಗಳವಾರ ನೀವು ಏನು ಮಾಡಿದ್ರಿ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಐದನೆಯವಳು ಹೋದ ವರ್ಷ ಸೇರಿದ ಹುಡುಗಿ. ತಪ್ಪು ಇಂಗ್ಲಿಷಿನಲ್ಲಿ, ತಾರೀಕು ಹಾಕಿ, ಒಂಬತ್ತು ಸಾಲು ಬರೆದಿದಾಳೆ. ಅದನ್ನ ಹಿಡ್ಕೊಂಡು ನಾನು ಯಾವ ರೂಮಿಗೆ ಬೇಕಾದ್ರೂ ಹೋಗ್ತೀನಿ.

ಅಂದಹಾಗೆ, ಟೀಮಿನವರ ಬಗ್ಗೆಯೂ ಅದೇ ಫೈಲಿನಲ್ಲಿ ಬರೀತೀನಿ ಈಗ. ಅವರು ಬರೆಯಲಿ ಬಿಡಲಿ, ‘ನಿಮಗ ಗೊತ್ತೈತಲ್ರಿ’ ಅಂತ ಇನ್ನೊಬ್ಬರು ಅಂದಾಗ ನನಗೆ ನಿಜವಾಗಲೂ ಗೊತ್ತಿರಬೇಕು.

ಮೊನ್ನೆ ಯುಗಾದಿಗೆ ಎರಡು ದಿನ ಇದ್ದಾಗ ಅವನ ಫೋನ್ ಬಂತು. ಈಗ ಹೈದರಾಬಾದಿನಲ್ಲಿದಾನೆ. ಕ್ಷೇಮ ಸಮಾಚಾರ ಎಲ್ಲ ಆಯ್ತು. ಮೇಲಿನ ರೂಮು ಮುಗಿದಿದೆಯಂತೆ, ಸುಣ್ಣ ಬಣ್ಣ ಬಾಕಿ. ಆಮೇಲೆ ಸ್ವಲ್ಪ ತಡವರಿಸಿ, ‘ಮೇಡಂ, ಫಾರ್ಮ್ ತುಂಬಾಕತ್ತೀನ್ರಿ. ಓದಿ ಹೇಳ್ತೀನಿ, ಸರಿ ಐತೇನ್ ನೋಡ್ರಿ’ ಅಂದ. ಕಂಪನಿ ಹೆಸರು ಗಿಸರು ಬಿಟ್ಟು ಫೋನಿನಲ್ಲೇ ಒಂದೊಂದು ಸಾಲು ಓದಿದ. ಚೆನ್ನಾಗಿ ಬರೆದಿದ್ದ. ಅಂಕಿಗಳಿದ್ವು. ಮೂರನೇ ಸಾಲು ಮಾತ್ರ ‘ವಿ’ ಅಂತ ಶುರುವಾಯ್ತು.

‘ಅದರಲ್ಲಿ ಬೇರೆ ಯಾರ್ಯಾರಿದ್ರು?’

‘ಯಾರೂ ಇರ್ಲಿಲ್ರಿ. ನಾ ಒಬ್ಬನ.’

ನಾನು ಸುಮ್ಮನಿದ್ದೆ. ಅವನೂ ಸುಮ್ಮನಿದ್ದ. ಆ ಮೌನದಲ್ಲಿ, ಮೂರು ವರ್ಷದಿಂದ ಹೇಳದೇ ಇಟ್ಟಿದ್ದನ್ನ ಹೇಳಿಬಿಟ್ಟೆ. ಆ ಮೀಟಿಂಗಿನಲ್ಲಿ ಅವರು ಎಗ್ಸಾಂಪಲ್ ಕೇಳಿದ್ದು, ನನಗೆ ಒಂದು ನಂಬರ್ ನೆನಪಾಗದೇ ಹೋದದ್ದು, ಕಾಂಪಿಟಿಷನ್ ಅಂತ ನಾನು ಅವನಿಗೆ ಹೇಳಿದ್ದು ಅರ್ಧ ಸುಳ್ಳು ಅನ್ನೋದು. ‘ನಿನ್ನ ಫಾರ್ಮಿನದ್ದಷ್ಟೇ ಅಲ್ಲಪ್ಪಾ, ತಪ್ಪು ನನ್ನದು’ ಅಂದೆ.

‘ಗೊತ್ತಿತ್ರಿ ಮೇಡಂ.’

‘ಹೇಗೆ?’

‘ಅವತ್ತು ನೀವು ಆ ರೂಮಿಂದ ಹೊರಗ ಬಂದಾಗ ನಿಮ್ಮ ಮಾರಿ ನೋಡಿದ್ದೆ.’ ಆಮೇಲೆ ತಾನೇ, ‘ಇರ್ಲಿ, ಈಗ ಹೇಳ್ರಿ, ಈ ವಿ ತಗದು ಐ ಹಾಕ್ಲೇನು?’ ಅಂದ.

‘ಹಾಕಪ್ಪಾ’ ಅಂದೆ. ಆ ಕಡೆಯಿಂದ ಕೀಬೋರ್ಡಿನ ಸದ್ದು ಕೇಳಿಸ್ತು.